ನಾಲ್ಕೂ ಬಾಗಿಲಿಂದ ಸೌಂಡ್ ತೆಗೆಸಿದ್ದು

ನಮ್ಮ ಮಾವನವರಿಗೆ ಕಣ್ಣು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಶಿವಾಜಿನಗರದ ಕಾರು ಕೆಲಸದ ಭಾಯ್‌ಗೆ ಇದನ್ನು ಹೇಳಲು ಮರೆತಿದ್ದೆ. ಮರೆತಿದ್ದೆ ಎನ್ನುವುದೂ ಪೂರ್ತಿ ನಿಜವಲ್ಲ. ಕಾರಿನ ಕೆಲಸಕ್ಕೂ ಮಾವನ ಕಣ್ಣಿಗೂ ಏನು ಸಂಬಂಧ ಎಂದುಕೊಂಡು ಸುಮ್ಮನಿದ್ದೆ. ನನಗೆ ಬುದ್ಧಿ ಬರುವುದು ಯಾವಾಗಲೂ ಕೆಲಸ ಕೆಟ್ಟ ಮೇಲೆ.

ಕಾರು ಮಾವನದು. ವಿಮಾ ಕಚೇರಿಯಲ್ಲಿ ಕೆಲಸದಲ್ಲಿದ್ದಾಗ ಹೊಸದಾಗಿ ಕೊಂಡದ್ದು. ಈಗ ಅದನ್ನು ಎಲ್ಲಾದರೂ ನಿಲ್ಲಿಸಿದರೆ ಗುರುತಿಲ್ಲದವರೂ ಬಂದು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕೆನೆ ಬಣ್ಣ, ದುಂಡು ಬೆನ್ನು, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಮುಂದಿನ ಸೀಟು ಸೋಫಾದ ಹಾಗೆ ಒಂದೇ ಉದ್ದಕ್ಕೆ. ನಾನು ಮದುವೆಯಾಗಿ ಜೀವನ್ ಬಿಮಾ ನಗರದ ಈ ಮನೆಗೆ ಬಂದ ಮೊದಲ ವರ್ಷವೇ ಮಾವ ನನ್ನನ್ನು ಅದರಲ್ಲಿ ಕೂರಿಸಿ ಓಡಿಸಲು ಕಲಿಸಿದರು. "ಮಗನಿಗೆ ಕಲಿಸ್ದೆ, ಎರಡು ಸಲ ಗೇಟಿಗೆ ಗುದ್ದಿದ. ನೀನು ಒಂದೇ ಸಲ ಗುದ್ದಿದ್ರೆ ಅವನಿಗಿಂತ ವಾಸಿ" ಎಂದಿದ್ದರು. ನಾನು ಒಂದು ಸಲವೂ ಗುದ್ದಲಿಲ್ಲ. ನಮ್ಮ ಯಜಮಾನರು ಇವತ್ತಿಗೂ ಆ ಗೇರಿನ ತಂಟೆಗೆ ಹೋಗುವುದಿಲ್ಲ. ಅವರದು ಬೇರೆ ಕಾರು, ತನ್ನಷ್ಟಕ್ಕೆ ತಾನೇ ಗೇರು ಬದಲಾಯಿಸಿಕೊಳ್ಳುವಂಥದ್ದು.

ಆರು ವರ್ಷದ ಹಿಂದೆ ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಮಾವನ ದೃಷ್ಟಿ ಅಂಚಿನಿಂದ ಮುಚ್ಚುತ್ತಾ ಬಂದು ಪೂರ್ತಿ ಹೋಯಿತು. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ನಾನು ಓಡಿಸುವುದು, ಅವರು ನನ್ನ ಎಡಗಡೆ ಕೂರುವುದು. ಹಳೆ ಮದ್ರಾಸ್ ರಸ್ತೆ ಹಿಡಿದು ಕೃಷ್ಣರಾಜಪುರದವರೆಗೆ ಹೋಗಿ, ಅಲ್ಲಿಂದ ಗರುಡಾಚಾರ್‌ಪಾಳ್ಯ. ಅದು ಅವರು ಹುಟ್ಟಿದ ಊರು. ಅಲ್ಲಿ ಅವರ ತಂಗಿಯ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದು, ಯಾರ ಜಮೀನು ಯಾವ ಅಪಾರ್ಟ್‌ಮೆಂಟ್ ಆಯಿತು ಎಂದು ಅಣ್ಣ ತಂಗಿ ಇಬ್ಬರೂ ಮಾತಾಡಿಕೊಂಡು ಮುಗಿಸಿದ ಮೇಲೆ ವಾಪಸ್ಸು.

ನೋಡುವವರು ಪಾಪ, ಸೊಸೆ ಕುರುಡು ಮಾವನನ್ನು ತಿರುಗಾಡಿಸಿಕೊಂಡು ಬರುತ್ತಾಳೆ ಎಂದುಕೊಳ್ಳುತ್ತಿದ್ದರು. ನಿಜ ಹೇಳಬೇಕೆಂದರೆ ದಾರಿ ಹೇಳುತ್ತಿದ್ದವರು ಅವರು. "ಮೆಟ್ರೊ ಕೆಳಗೆ ಬಂದ್ವಿ" ಎನ್ನುತ್ತಿದ್ದರು. ತಲೆ ಎತ್ತಿ ನೋಡಿದರೆ ಬಂದಿರುತ್ತಿದ್ದೆವು. "ಎಡಗಡೆ ಲಾರಿ ಇದೆ, ಹುಷಾರು." "ತೂಗು ಸೇತುವೆ ಹತ್ತಿದ್ವಿ." ಇವರಿಗೆ ಹೇಗೆ ತಿಳಿಯುತ್ತದೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಅನುಭವ ಎಂದುಕೊಂಡೆ. ಕಾರಿನೊಳಗೆ ಕೂತರೆ ತಗಡಿನ ಡಬ್ಬಿಗೆ ಕಡಲೆಕಾಯಿ ಹಾಕಿ ಅಲ್ಲಾಡಿಸಿದಂತೆ ಸದ್ದು. ಎಡಬಾಗಿಲ ಗಾಜು ಗಡಗಡ, ಹಿಂದೆ ಎಲ್ಲೋ ಕಿರ್ ಕಿರ್, ಇಂಜಿನ್ನಿನ ಗೊರಗೊರ. ನನ್ನ ಪಾಲಿಗೆ ಅದೆಲ್ಲ ಬರೀ ಗಲಾಟೆ.

ಈ ಗಲಾಟೆಯಲ್ಲಿ ಒಂದು ಹಾಡಿದ್ದರೆ ಚೆನ್ನಾಗಿತ್ತು ಎನ್ನಿಸಿದ್ದು ನನಗೇ. ಮನೆಯಲ್ಲಿ ಮಾವ ಮಧ್ಯಾಹ್ನವೆಲ್ಲ ಫೋನಿನಲ್ಲಿ ಹಳೆಯ ಹಾಡು ಕೇಳುತ್ತಾರೆ. ಕಾರಿನಲ್ಲಿದ್ದ ರೇಡಿಯೊ ಸತ್ತು ಎಷ್ಟೋ ವರ್ಷವಾಗಿತ್ತು. ಅವರಿಗೆ ಎಂಬತ್ತೈದು ತುಂಬುವ ಭಾನುವಾರ, ದಾರಿ ಮಧ್ಯೆ ಇದ್ದಕ್ಕಿದ್ದಂತೆ ಹಾಡು ಬಂದರೆ ಅವರ ಮುಖ ಹೇಗಿರುತ್ತದೆ ಎಂದು ಯೋಚಿಸಿ ನಾನೊಬ್ಬಳೇ ಖುಷಿಪಡುತ್ತಿದ್ದೆ.

"ಇಲ್ಲದ ಉಸಾಬರಿ ಯಾಕೆ ನಿಂಗೆ? ಅಪ್ಪನ ಗಾಡಿ ಮುಟ್ಟಿದ್ರೆ ಅಪ್ಪ ಬಿಡ್ತಾರಾ?" ಎಂದರು ನಮ್ಮ ಯಜಮಾನರು.

"ಮುಟ್ಟಿದ್ದು ಗೊತ್ತಾದ್ರೆ ತಾನೆ?"

ಗೊತ್ತಾಗದಂತೆ ಮಾಡುವುದೇ ಕಷ್ಟದ ಕೆಲಸ. ಮಾವ ಕಾರಿನೊಳಗೆ ಕೂತ ಕೂಡಲೇ ಮುಂದಿನ ಹಲಗೆಯ ಮೇಲೆ ಬೆರಳಾಡಿಸುತ್ತಾರೆ. ರೇಡಿಯೊದ ಎರಡು ತಿರುಗಣೆ, ಕೈಪೆಟ್ಟಿಗೆಯ ಬೀಗ, ಬೂದಿ ತಟ್ಟೆ, ಎಲ್ಲವನ್ನೂ ಮೇಷ್ಟರು ಹಾಜರಿ ಕೂಗಿದ ಹಾಗೆ ಒಂದೊಂದಾಗಿ ಮುಟ್ಟಿ ಆದ ಮೇಲೆಯೇ "ಹ್ಞೂಂ, ಹೊರಡು." ಅಲ್ಲಿ ಒಂದು ಹೊಸ ಗುಂಡಿ ಸಿಕ್ಕಿದರೂ ನನ್ನ ಗುಟ್ಟು ರಟ್ಟಾಗುತ್ತಿತ್ತು.

ಶಿವಾಜಿನಗರದ ಭಾಯ್ ಹೆಸರು ಹೇಳಿದ್ದು ನನ್ನ ಜೊತೆ ಶಾಲೆಯಲ್ಲಿ ಪಾಠ ಮಾಡುವ ಗೆಳತಿ. ಹಳೆಯ ಕಾರುಗಳಿಗೆ ಹೊಸ ಸೌಂಡ್ ಸಿಸ್ಟಮ್ ಕೂರಿಸುವುದರಲ್ಲಿ ಎತ್ತಿದ ಕೈಯಂತೆ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಎರಡು ಕಾರು ಹಿಡಿಸುವಷ್ಟೇ ಜಾಗ. ಭಾಯ್‌ಗೆ ವಯಸ್ಸು ನನ್ನಷ್ಟೇ ಇರಬಹುದು, ಬಿಳಿ ಗಡ್ಡ, ಹಣೆಯ ಮೇಲೆ ಏರಿಸಿದ ಕನ್ನಡಕ. ಫೋನಿನಲ್ಲಿ ದಖನಿ ಉರ್ದು, ಟೀ ತಂದವನ ಹತ್ತಿರ ತಮಿಳು, ನನ್ನ ಹತ್ತಿರ ಕನ್ನಡ. ಮೂರನ್ನೂ ಒಂದೇ ಉಸಿರಿನಲ್ಲಿ ಆಡಿ ಮುಗಿಸಿ ಕಾರನ್ನು ಒಂದು ಸುತ್ತು ಹಾಕಿ ಬಂದರು.

"ಏನೂ ಕಾಣ್ಬಾರ್ದು ಭಾಯ್. ಮುಂದೆ ಕೈ ಆಡಿಸಿದ್ರೂ ಗೊತ್ತಾಗ್ಬಾರ್ದು. ರೇಡಿಯೊ ಮುಖ ಹಾಗೇ ಇರ್ಬೇಕು" ಎಂದೆ.

"ಆಗುತ್ತೆ ಮೇಡಂ. ಹಳೇ ರೇಡಿಯೊ ಹೊಟ್ಟೆ ಒಳಗೇ ಹೊಸಾದು ಕೂರಿಸ್ತೀನಿ. ಆಂಪ್ಲಿಫೈಯರ್ ಸೀಟ್ ಕೆಳಗೆ. ಫೋನಿಂದ ಹಾಡು ಹಾಕ್ಬೋದು. ದೇವ್ರು ಬಂದು ನೋಡಿದ್ರೂ ಕಾಣಲ್ಲ."

"ಸೌಂಡ್ ಮಾತ್ರ ಚೆನ್ನಾಗಿ ತೆಗೀಬೇಕು."

ಅವರು ಮುಂದಿನ ಬಾಗಿಲನ್ನು ತೆರೆದು ಮುಚ್ಚಿದರು. ಅದು ಎಂದಿನಂತೆ ಝಣ್ ಎಂದಿತು. ಅವರ ಹುಬ್ಬು ಗಂಟಾಯಿತು.

"ಸೌಂಡ್ ತುಂಬಾ ಇದೆ ಮೇಡಂ ಇದ್ರಲ್ಲಿ. ಎಲ್ಲಾ ತೆಗೀಲಾ?"

"ಎಲ್ಲಾ ತೆಗೀರಿ."

"ನಾಲ್ಕೂ ಬಾಗಿಲಿಂದ?"

"ನಾಲ್ಕೂ ಬಾಗಿಲಿಂದ. ಅರ್ಧಂಬರ್ಧ ಕೆಲಸ ಬೇಡ."

ಇಷ್ಟೇ ಮಾತು. ಇದರಲ್ಲಿ ಎಲ್ಲಿ ತಪ್ಪಿದೆ ಹೇಳಿ ನೋಡೋಣ.

ಕಾರು ಹತ್ತು ದಿನ ಭಾಯ್ ಹತ್ತಿರ ಇತ್ತು. ಮಾವನಿಗೆ "ಬ್ರೇಕ್ ಕೆಲಸಕ್ಕೆ ಬಿಟ್ಟಿದ್ದೀನಿ" ಎಂದು ಸುಳ್ಳು ಹೇಳಿದೆ. ಹುಟ್ಟುಹಬ್ಬದ ಸುಳ್ಳು, ಪಾಪ ಬರುವುದಿಲ್ಲ ಎಂದುಕೊಂಡೆ. "ಬ್ರೇಕ್ ಚೆನ್ನಾಗೇ ಇತ್ತಲ್ಲ" ಎಂದವರು ಮತ್ತೆ ಮಾತು ಬೆಳೆಸಲಿಲ್ಲ.

ಕಾರು ತರಲು ಹೋದ ಶನಿವಾರ ಭಾಯ್ ಕೀಲಿಯನ್ನು ಮಗಳನ್ನು ಗಂಡನ ಮನೆಗೆ ಕಳಿಸುವ ಮುಖ ಮಾಡಿಕೊಂಡು ಕೊಟ್ಟರು. ಹೊರಗೆ ಏನೂ ಬದಲಾಗಿರಲಿಲ್ಲ. ಸ್ಪೀಕರುಗಳು ಬಾಗಿಲ ಬಟ್ಟೆಯ ಹಿಂದೆ ಅಡಗಿದ್ದವು, ರೇಡಿಯೊದ ಮುಖ ಹಾಗೇ ಇತ್ತು. ಹಲಸೂರು ಕೆರೆಯ ಪಕ್ಕ ಬರುವಾಗ ಹಾಡು ಹಾಕಿದೆ. ಅಬ್ಬಾ! ಹಾಡುವವರು ಹಿಂದಿನ ಸೀಟಿನಲ್ಲೇ ಕೂತಂತೆ. ತಬಲದ ಮೇಲೆ ಬೆರಳು ಜಾರುವುದೂ ಕೇಳಿಸುತ್ತಿತ್ತು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಆಟೋದವರು ಹಾರ್ನ್ ಒತ್ತುತ್ತಿರುವುದು ಕಾಣುತ್ತಿತ್ತು, ಆದರೆ ಸದ್ದು ಎಲ್ಲೋ ದೂರದಿಂದ ಬಂದಂತಿತ್ತು. ಎಂಥ ಕೆಲಸಗಾರ ಎಂದು ಮನಸ್ಸಿನಲ್ಲೇ ಭಾಯ್‌ಗೆ ಕೈ ಮುಗಿದೆ. ದಡ್ಡಿ, ಅಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಭಾನುವಾರ ಮಾವ ಹೊಸ ಅಂಗಿ ತೊಟ್ಟು ಬಂದು ಕೂತರು. ಬಾಗಿಲು ಎಳೆದುಕೊಂಡರು. ಅದು ದಿಂಬಿನ ಮೇಲೆ ಗುದ್ದಿದ ಹಾಗೆ ಧಪ್ ಎಂದಿತು. ಅವರು ಮತ್ತೆ ತೆರೆದು ಮತ್ತೆ ಎಳೆದುಕೊಂಡರು. ಧಪ್. ಮೂರನೆಯ ಸಲವೂ ಹಾಗೇ. ಬೆರಳುಗಳು ರೇಡಿಯೊದ ತಿರುಗಣೆಗೆ ಹೋದವು. ಹಿಂದೆ ಅದು ಸಡಿಲವಾಗಿ ಗಿರ್ರನೆ ತಿರುಗುತ್ತಿತ್ತು. ಈಗ ಬಿಗಿಯಾಗಿ, ಮೆತ್ತಗೆ ತಿರುಗಿತು. "ಹ್ಞೂಂ, ಹೊರಡು" ಎಂಬ ಮಾತು ಬರಲಿಲ್ಲ. ನಾನೇ ಹೊರಟೆ.

ಹಳೆ ಮದ್ರಾಸ್ ರಸ್ತೆಗೆ ಬಂದೆವು. ಮೆಟ್ರೊ ಕೆಳಗೆ ಬಂದೆವು. ಮಾವ ಏನೂ ಹೇಳಲಿಲ್ಲ. ಕತ್ತನ್ನು ಅತ್ತ ಇತ್ತ ಆಡಿಸುತ್ತಾ ಏನನ್ನೋ ಹುಡುಕುತ್ತಿದ್ದರು. ಆಮೇಲೆ ಕೇಳಿದರು:

"ಎಲ್ಲಿದ್ದೀವಿ?"

ಆರು ವರ್ಷದಲ್ಲಿ ಆ ಪ್ರಶ್ನೆಯನ್ನು ಅವರ ಬಾಯಿಂದ ನಾನು ಕೇಳಿರಲಿಲ್ಲ. "ಬೈಯಪ್ಪನಹಳ್ಳಿ ದಾಟಿದ್ವಿ ಮಾವ" ಎಂದು ಹೇಳಿ, ಇದೇ ಸಮಯ ಎಂದು ಫೋನಿನಲ್ಲಿ ಹಾಡು ಒತ್ತಿದೆ. ನಾಲ್ಕೂ ಬಾಗಿಲಿಂದ ಹಾಡು ಉಕ್ಕಿ ಬಂತು. ಓರೆಗಣ್ಣಿನಲ್ಲಿ ಅವರ ಮುಖ ನೋಡಿದೆ. ಅವರು ಎರಡು ಕೈಯಿಂದಲೂ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ನಿಲ್ಸು."

ಹಾಡು ನಿಲ್ಲಿಸಿದೆ.

"ಗಾಡಿ ನಿಲ್ಸು."

ಪಕ್ಕಕ್ಕೆ ತಂದು ನಿಲ್ಲಿಸಿದೆ. ಹಿಂದೆ ಬಿಎಂಟಿಸಿ ಬಸ್ಸು ಬೈದುಕೊಂಡು ಹೋಯಿತು.

"ಯಾರ ಗಾಡಿ ಇದು?" ಎಂದರು ಮಾವ.

"ನಮ್ದೇ ಮಾವ. ಸ್ಪೀಕರ್ ಹಾಕಿಸಿದ್ದೀನಿ ಅಷ್ಟೆ. ನಿಮ್ಮ ಹುಟ್ಟಿದ ದಿನ ಅಂತ."

"ನಮ್ಮ ಗಾಡಿ ನಂಗೆ ಗೊತ್ತಿಲ್ವಾ? ಇದ್ರೊಳಗೆ ಎಲ್ಲಾ ಮುಚ್ಚಿ ಹೋಗಿದೆ. ರಸ್ತೆನೇ ಇಲ್ಲ ಇದ್ರಲ್ಲಿ. ನಮ್ಮ ಗಾಡಿ ಏನ್ ಮಾಡಿದ್ರಿ?"

ನಾನು ಅವರ ಕೈ ಹಿಡಿದು ಸ್ಟೀರಿಂಗಿನ ಬಿರುಕು ಮುಟ್ಟಿಸಿದೆ. ಹಳೇ ಕಾರೆಂದ ಮೇಲೆ ಬಿರುಕು ಇರುವುದಿಲ್ಲವೇ ಎಂದರು. ಹರಿದು ಹೊಲಿಸಿದ್ದ ಸೀಟು ಮುಟ್ಟಿಸಿದೆ. ಸೀಟು ಬಿಚ್ಚಿ ಇನ್ನೊಂದಕ್ಕೆ ಹಾಕುವುದು ಏನು ಮಹಾ ಎಂದರು. ನನಗೆ ತಲೆ ಕೆಟ್ಟುಹೋಯಿತು. ಹತ್ತು ದಿನ ಓಡಾಡಿ, ಗುಟ್ಟು ಕಾಪಾಡಿ, ಕೊನೆಗೆ ಇದಾ ನನಗೆ ಸಿಕ್ಕಿದ್ದು?

"ಕಣ್ಣಿಲ್ಲ ಅಂತ ನಿಮಗೆ ಮೋಸ ಮಾಡ್ತೀನಾ ನಾನು?"

ಬಾಯಿಂದ ಬಂದೇಬಿಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಹಾಗಾಯಿತು. ಕಾರು ತಿರುಗಿಸಿ ಮನೆಗೆ ಬಂದೆವು.

ಮುಂದಿನ ನಾಲ್ಕು ದಿನ ನಮ್ಮ ಮನೆಯಲ್ಲಿ ಏನು ನಡೆಯುತ್ತಿದೆ ಎಂದೇ ನನಗೆ ತಿಳಿಯಲಿಲ್ಲ. ಕಾಫಿ ಕೊಟ್ಟರೆ ಮಾವ "ಥ್ಯಾಂಕ್ಸ್ ಅಮ್ಮ" ಎಂದರು. ಇಷ್ಟು ವರ್ಷದಲ್ಲಿ ಅವರು ನನಗೆ ಥ್ಯಾಂಕ್ಸ್ ಹೇಳಿದವರಲ್ಲ, ಆಸ್ಪತ್ರೆಯ ನರ್ಸ್‌ಗಳಿಗೆ ಹೇಳುವುದನ್ನು ಕೇಳಿದ್ದೆ. ಸ್ನಾನಕ್ಕೆ ಹೋದವರು ಬಚ್ಚಲಿನಿಂದಲೇ "ಇದು ನನ್ನ ಚೊಂಬೇನಾ?" ಎಂದು ಕೂಗಿದರು. ಮಾತ್ರೆ ಕೈಗಿಟ್ಟರೆ ಉಜ್ಜಿ ನೋಡಿ, ಮೊದಲಿನದೇನಾ ಎಂದು ಮಗನನ್ನು ಕೇಳಿದರು, ನನ್ನನ್ನಲ್ಲ. ಕಾರು ಬದಲಾಗಿರುವುದಾದರೆ ಚೊಂಬು ಬದಲಾಗಿಲ್ಲ ಎಂದು ಅವರಿಗೆ ಯಾರು ಹೇಳಬೇಕು? ಹೇಳಬೇಕಾದವಳು ನಾನು, ನನ್ನ ಮಾತೇ ನಡೆಯುತ್ತಿರಲಿಲ್ಲ.

ಯಜಮಾನರು ಮೊದಲ ದಿನ ನಕ್ಕರು. ಎರಡನೆಯ ದಿನ ನಗು ನಿಂತಿತು. "ನೀನೇ ಮಾಡಿದ್ದು, ನೀನೇ ಸರಿ ಮಾಡು" ಎಂದರು. ನನಗೆ ಅವರ ಮೇಲೂ ಸಿಟ್ಟು, ಮಾವನ ಮೇಲೂ ಸಿಟ್ಟು. ಹಾಡು ಹಾಕಿಸಿದರೆ ಕಾರು ಹೇಗೆ ಬೇರೆಯವರದಾಗುತ್ತದೆ? ಎಷ್ಟು ಯೋಚಿಸಿದರೂ ತಲೆಬುಡ ತಿಳಿಯಲಿಲ್ಲ. ಕೊನೆಗೆ ನಾನೇ ಹೋಗಿ ಮಾವ ಕೂರುವ ಜಾಗದಲ್ಲಿ ಕೂತು, ಕಣ್ಣು ಮುಚ್ಚಿಕೊಂಡು ಬಾಗಿಲು ಎಳೆದುಕೊಂಡೆ. ಧಪ್. ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಿದ್ದಳು, ಎದುರು ಮನೆಯಲ್ಲಿ ಮರ ಕೊಯ್ಯುತ್ತಿದ್ದರು. ಎರಡೂ ಇಲ್ಲವಾದವು. ಅರ್ಧ ನಿಮಿಷಕ್ಕೆ ಹೆದರಿ ಕಣ್ಣು ಬಿಟ್ಟೆ.

ಕೂಡಲೇ ಭಾಯ್‌ಗೆ ಫೋನ್ ಮಾಡಿದೆ.

"ಏನ್ ಮಾಡಿದ್ರಿ ಭಾಯ್ ನಮ್ಮ ಕಾರಿಗೆ? ಸೌಂಡೇ ಇಲ್ಲ!"

"ಯಾ ಅಲ್ಲಾ! ಸ್ಪೀಕರ್ ಹೋಯ್ತಾ ಮೇಡಂ?"

"ಸ್ಪೀಕರ್ ಸರಿ ಇದೆ. ಕಾರಿನ ಸೌಂಡ್ ಇಲ್ಲ."

"ತೆಗೀರಿ ಅಂತ ನೀವೇ ಹೇಳಿದ್ದು ಅಲ್ವಾ? ಎರಡೆರಡು ಸಲ ಕೇಳ್ದೆ ನಾನು. ನಾಲ್ಕೂ ಬಾಗಿಲಿಂದ ಅಂದ್ರಿ. ಒಳಗೆಲ್ಲ ಸೌಂಡ್ ನುಂಗೋ ಡ್ಯಾಂಪಿಂಗ್ ಶೀಟ್ ಹಾಕಿ, ಗಾಜು, ಸ್ಕ್ರೂ ಎಲ್ಲಾ ಟೈಟ್ ಮಾಡಿ, ಪೂರಾ ಸೌಂಡ್ ತೆಗ್ದಿದ್ದೀನಿ."

ನಾನು ಹಣೆ ಹಣೆ ಚಚ್ಚಿಕೊಂಡೆ. ಹಲಸೂರಿನಲ್ಲಿ ಚಿಕ್ಕವಳಿದ್ದಾಗ ನಮ್ಮ ಸಂಗೀತದ ಟೀಚರು "ದನಿ ತೆಗೆದು ಹಾಡ್ರೇ" ಎಂದು ಗದರುತ್ತಿದ್ದರು. ಸೌಂಡ್ ತೆಗೆಯುವುದು ಎಂದರೆ ನನ್ನ ತಲೆಯಲ್ಲಿ ಅದೇ, ಒಳಗಿರುವುದನ್ನು ಹೊರಗೆ ತರುವುದು. ಭಾಯ್ ಹತ್ತಿರ ಬರುವ ಗಿರಾಕಿಗಳು ಹೇಳುವುದು ಬೇರೆ: "ಬಾಗಿಲಲ್ಲಿ ಸೌಂಡ್ ಬರ್ತಿದೆ, ತೆಗೀರಿ." ಅಂದರೆ ಇಲ್ಲದಂತೆ ಮಾಡಿ. ಒಂದೇ ಮಾತನ್ನು ನಾನು ಹೀಗೆ ಆಡಿದೆ, ಅವರು ಹಾಗೆ ಕೇಳಿಸಿಕೊಂಡರು. ಮಾವ ದಾರಿ ಹಿಡಿಯುತ್ತಿದ್ದ ಗಡಗಡ, ಕಿರ್ ಕಿರ್ ಎಲ್ಲವನ್ನೂ ನಾನೇ ಕೈಯಾರೆ ತೆಗೆಸಿ ಹಾಕಿದ್ದೆ.

ಶುಕ್ರವಾರ ನಮಾಜು ಮುಗಿಸಿಕೊಂಡು ಭಾಯ್ ಸ್ಕೂಟರಿನಲ್ಲಿ ಮನೆಗೇ ಬಂದರು. ನಡುಮನೆಯಲ್ಲಿ ಕೂತಿದ್ದ ಮಾವ ಕೈ ಮುಂದೆ ಚಾಚಿ ಕುರ್ಚಿಯಿಂದ ಏಳುವುದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಹೇಳ್ಬೇಕಿತ್ತು ಮೇಡಂ. ಇವ್ರ ಗಾಡಿ ಬಾಯಿ ಕಟ್ಟಿಬಿಟ್ನಲ್ಲ ನಾನು" ಎಂದರು.

ಮಾವನಿಗೆ ಕಾರಿನ ಪಕ್ಕದಲ್ಲೇ ಕುರ್ಚಿ ಹಾಕಿದೆವು. ಭಾಯ್ ಒಂದು ಬಾಗಿಲ ಹೊದಿಕೆ ಬಿಚ್ಚಿ, ಒಳಗೆ ಅಂಟಿಸಿದ್ದ ಟಾರಿನಂಥ ಕಪ್ಪು ಹಾಳೆಯನ್ನು ಬಿಸಿ ಮಾಡಿ ಕಿತ್ತರು. ಸ್ಕ್ರೂ ಸಡಿಲಿಸಿ ಬಾಗಿಲು ಹಾಕಿದರು. ಮಾವನ ತಲೆ ಮೇಲೆದ್ದಿತು.

"ಇದೇನಾ ಯಜಮಾನ್ರೆ?"

"ಹತ್ತಿರ ಇದೆ. ಗಾಜು ಇನ್ನೂ ಒಂಚೂರು ಅಲ್ಲಾಡ್ತಿತ್ತು."

"ಈಗ?"

"ಜಾಸ್ತಿ ಆಯ್ತು. ಹ್ಞಾಂ... ಹಾಗೆ."

ಹೀಗೆ ನಾಲ್ಕು ಬಾಗಿಲು. "ಇಡೀ ಆಯಸ್ಸು ಸೌಂಡ್ ಹೋಗ್ಸಿದ್ದೀನಿ, ಸೌಂಡ್ ಕೂರಿಸ್ತಿರೋದು ಇವತ್ತೇ" ಎಂದು ಭಾಯ್ ಗೊಣಗಿಕೊಂಡರು. ಮಧ್ಯದಲ್ಲಿ ಒಮ್ಮೆ "ಸ್ಪೀಕರೂ ತೆಗೀಲಾ ಮೇಡಂ?" ಎಂದಾಗ ನಾನು ಹೌಹಾರಿ, "ಬಿಚ್ಚೋದು ಅಂತಾನಾ ನೀವು ಹೇಳೋದು? ಬೇಡ, ಬಿಚ್ಬೇಡಿ!" ಎಂದು ಕೂಗಿದೆ. ಕೊನೆಯ ಬಾಗಿಲು ಝಣ್ ಎಂದಾಗ ನನಗೆ ಹೋದ ಜೀವ ಬಂದಂತಾಯಿತು. ಇನ್ನೇನು, ಮಾವ ಎದ್ದು ಬಂದು ಕೂರುತ್ತಾರೆ.

ಮಾವ ಏಳಲಿಲ್ಲ. "ಸಾಬ್ರೆ, ನಿಮ್ಮ ಕೈ ಚೆನ್ನಾಗಿದೆ" ಎಂದರು. "ನಾನು ಹೇಳ್ದಂಗೇ ಸೌಂಡ್ ಕೂರಿಸಿದ್ರಿ. ಅದಕ್ಕೇ ಹೇಳ್ತೀನಿ, ಯಾವ ಗಾಡಿ ತಂದು ನಿಲ್ಲಿಸಿದ್ರೂ ನೀವು ಇದೇ ಸೌಂಡ್ ಮಾಡಿಕೊಡ್ತೀರಿ."

ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ಇನ್ನು ಏನು ತೋರಿಸಿ ನಂಬಿಸಲಿ? ಅಳು ಬರುವಂತಾಗಿತ್ತು.

"ನಾನ್ಯಾಕೆ ನಿಮ್ಮ ಹತ್ರ ಸುಳ್ಳು ಹೇಳ್ತೀನಿ ಮಾವ?"

ಅವರು ನನ್ನ ದನಿ ಬಂದ ಕಡೆಗೆ ತಿರುಗಿದರು.

"ಎರಡು ವರ್ಷದ ಹಿಂದೆ ಒಬ್ಬ ಬಂದಿದ್ನಲ್ಲ. ಯಾರು ಅಂತ ಕೇಳ್ದೆ. ಪ್ಲಂಬರ್ ಅಂದೆ ನೀನು. ಪ್ಲಂಬರ್ ಆದೋನು ಕಾರಿನ ಬಾನೆಟ್ ಯಾಕಮ್ಮ ಎತ್ತುತ್ತಾನೆ? ನಾಲ್ಕು ಬಾಗಿಲೂ ಒಂದೊಂದಾಗಿ ತೆಗೆದು ಮುಚ್ಚಿದ. ನಾನು ಮನೆ ಒಳಗೆ ಕೂತು ಕೇಳಿಸ್ಕೋತಾ ಇದ್ದೆ."

ಪ್ಲಂಬರ್ ಎಂದ ಮೇಲೆ ಅವರು ಮತ್ತೆ ಮಲಗಿಬಿಟ್ಟರು ಎಂದುಕೊಂಡಿದ್ದೆ. ಎರಡು ವರ್ಷ, ಪ್ರತಿ ಭಾನುವಾರ ನನ್ನ ಪಕ್ಕದಲ್ಲಿ ಕೂತು ಲಾರಿ ಇದೆ ಹುಷಾರು ಎನ್ನುತ್ತಿದ್ದವರು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಕೂತಿದ್ದರು. ಹೋದ ಭಾನುವಾರ ಬಾಗಿಲು ಧಪ್ ಎಂದಾಗ ಅವರಿಗೆ ಅನುಮಾನ ಬಂದದ್ದಲ್ಲ, ಹಳೆಯ ಅನುಮಾನ ನಿಜವಾದದ್ದು. ಭಾಯ್ ನಮ್ಮ ಕಡೆ ಬೆನ್ನು ಮಾಡಿ ಸ್ಕ್ರೂಗಳನ್ನು ಆಯುತ್ತಾ ಇದ್ದರು.

"ಪ್ಲಂಬರ್ ಅಲ್ಲ ಮಾವ. ಗಾಡಿ ಕೊಂಡ್ಕೋತೀನಿ ಅಂತ ನೋಡೋಕೆ ಬಂದಿದ್ದು, ಇಂದಿರಾನಗರದೋನು. ಕರೆಸಿದ್ದು ನಾನು. ನಿಮ್ಮ ಮಗನಿಗೂ ಹೇಳಿರ್ಲಿಲ್ಲ. ಪ್ರತಿ ವಾರ ಈ ಗಾಡಿ ಎಳೆದು ಸಾಕಾಗಿತ್ತು ನಂಗೆ."

"ಮತ್ತೆ ಯಾಕೆ ಕೊಡ್ಲಿಲ್ಲ?"

"ಗೊತ್ತಿಲ್ಲ ಮಾವ. ಅವನು ಆಗ್ಲಿ ಅಂದ. ನಂಗೆ ಭಾನುವಾರ ಏನ್ ಮಾಡೋದು ಅಂತ ತೋಚಲಿಲ್ಲ. ಬೇಡ ಅಂತ ಕಳಿಸ್ಬಿಟ್ಟೆ."

ಮಾವ ನನ್ನನ್ನು ಬೈಯುತ್ತಾರೋ, ಮಗನಿಗೆ ಹೇಳುತ್ತಾರೋ ಒಂದೂ ತಿಳಿಯಲಿಲ್ಲ. ಅವರು ಎದ್ದು, ಕೈ ಚಾಚಿ ಕಾರಿನ ಬಾಗಿಲನ್ನು ಹುಡುಕಿ, ಒಳಗೆ ಹೋಗಿ ಕೂತರು.

"ಇಷ್ಟು ದಿನ ಆದ್ಮೇಲೆ ಅದ್ರ ನಿಜ ಹೇಳ್ದೆ ನೀನು," ಎಂದರು. "ಹಾಗಾದ್ರೆ ಇದು ನನ್ನ ಗಾಡಿನೇ ಇರ್ಬೇಕು."